ಪರದೆಯ ಅಂಚಿನ ಸಾಲು

ನಮ್ಮ ಚಿಕ್ಕಮ್ಮನಿಗೆ ಸಿಟ್ಟು ಬಂದರೆ ಬಾಯಿ ಕಟ್ಟುತ್ತದೆ, ಕೈ ಓಡುತ್ತದೆ. ನಮ್ಮಪ್ಪನ ಮೇಲಿನ ಸಿಟ್ಟನ್ನು ಅವಳು ನಾನು ಹುಟ್ಟುವ ಮೊದಲಿನಿಂದಲೂ ಹೊಟ್ಟೆಯಲ್ಲಿಟ್ಟುಕೊಂಡು ಬಂದಿದ್ದಾಳೆ. ಅದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ.

ಅಪ್ಪನದು ಟಿವಿ ರಿಪೇರಿ ಅಂಗಡಿ. ಟಿವಿಗೆ ಸಿಕ್ಕಿಸಿ ಆಡುವ ಕಂಪ್ಯೂಟರ್ ಆಗ ಹೊಸದು, ಅದನ್ನೂ ಮಾರುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೊಂದು ಆಟ ಬರೆದವಳು ಚಿಕ್ಕಮ್ಮ. ಬೆಕ್ಕೊಂದು ಮನೆಯಿಂದ ಮನೆಗೆ ಹಾರಿ ಹಾಲು ಕದಿಯುವ ಆಟ. ಅದರ ಡಬ್ಬಿ ಅಚ್ಚಾಗಿ ಬಂದಾಗ ನೋಡಿದರೆ, ಮೇಲೆ ಅಪ್ಪನ ಹೆಸರು, ಅಪ್ಪನ ಫೋಟೊ. ಚಿಕ್ಕಮ್ಮ ಕೇಳಿದ್ದಕ್ಕೆ, "ಒಂದೇ ಮನೇಲಿ ನಿಂದು ನಂದು ಅಂತ ಏನಿದೆ?" ಅಂದನಂತೆ. ಅಮ್ಮ ಗಂಡನ ಪರವೂ ಮಾತಾಡಲಿಲ್ಲ, ತಂಗಿಯ ಪರವೂ ಮಾತಾಡಲಿಲ್ಲ. ಎದ್ದು ಅಡುಗೆಮನೆಗೆ ಹೋದಳು.

ಆಟ ಮಾರಾಟಕ್ಕೆ ಹೋಗುವ ಮೊದಲು ಚಿಕ್ಕಮ್ಮ ಪರದೆಯ ಮೇಲೆ ಬರುವ ಚಿತ್ರದ ತೀರ ಕೆಳಗೆ ಒಂದು ಸಾಲು ಸೇರಿಸಿದಳು. ಯಂತ್ರಕ್ಕೆ ನಮ್ಮ ಅಕ್ಷರ ಬರುತ್ತಿರಲಿಲ್ಲ, ಚುಕ್ಕೆ ಪಕ್ಕ ಚುಕ್ಕೆ ಇಟ್ಟು ಬರೆದಳು. ಹಳೆಯ ಡಬ್ಬಾ ಟಿವಿಗಳು ಚಿತ್ರದ ನಾಲ್ಕೂ ಅಂಚನ್ನು ಚೌಕಟ್ಟಿನ ಹಿಂದೆ ನುಂಗಿಬಿಡುತ್ತಿದ್ದವು. ಅಲ್ಲಿದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ, ದಿನಾ ಟಿವಿ ಬಿಚ್ಚುವ ಅಪ್ಪನ ಕಣ್ಣಿಗೂ.

ಈ ವರ್ಷ ತಾಂತ್ರಿಕ ಶಾಲೆಯವರು ಹಳೆಯ ಕಂಪ್ಯೂಟರುಗಳ ಪ್ರದರ್ಶನವಿಟ್ಟು, ಅಲ್ಲಿ ಬೆಕ್ಕಿನ ಆಟ ತೋರಿಸಿ ಅಪ್ಪನಿಗೆ ಸನ್ಮಾನ ಅಂದರು. ಹಳೆಯ ಯಂತ್ರ ಕಳಿಸುವ ಚಿತ್ರ ಈಗಿನ ಚಪ್ಪಟೆ ಪರದೆಗೆ ತಿಳಿಯುವುದಿಲ್ಲ. ನಡುವೆ ಅದನ್ನು ಬದಲಿಸಿ ಕೊಡುವ ಪೆಟ್ಟಿಗೆ ಬೇಕು. ಅಂಥದ್ದನ್ನು ಮಾಡುವುದೇ ಈಗ ಚಿಕ್ಕಮ್ಮನ ಕೆಲಸ. ಮಾನ ಮರ್ಯಾದೆ ಬಿಟ್ಟು ಅಪ್ಪ ಅವಳ ಮನೆಗೇ ಹೋದ, ಜೊತೆಗೆ ನನ್ನನ್ನೂ ಎಳೆದುಕೊಂಡು.

"ಅಂಚು ಮರೆ ಮಾಡ್ಲಾ ಭಾವ? ಹಳೇ ಟಿವಿ ಥರಾನೇ ಕಾಣುತ್ತೆ," ಎಂದು ಚಿಕ್ಕಮ್ಮ ಕೇಳಿದಳು. ತಪ್ಪಿಸಿಕೊಳ್ಳಲು ಅವನಿಗೊಂದು ದಾರಿ ಕೊಟ್ಟಳು, ಪಾಪ.

"ಏನೂ ಮುಚ್ಬೇಡ," ಅಂದ ಅಪ್ಪ. "ನನ್ನ ಆಟ ಪೂರ್ತಿ ಕಾಣ್ಬೇಕು. ಒಂದು ಚುಕ್ಕೆನೂ ಬಿಟ್ಟು ಹೋಗ್ಬಾರ್ದು."

"ಆಗ್ಲಿ," ಎಂದು ಅವಳು ತಲೆ ತಗ್ಗಿಸಿ ವೈರು ಬೆಸೆಯತೊಡಗಿದಳು. ಅವಳ ತುಟಿಯ ಅಂಚಿನಲ್ಲಿ ನಗು ಕಂಡಿತು. ನಾನು ಅವಳಿಗೆ ವೈರಿನ ಇನ್ನೊಂದು ತುದಿ ಹಿಡಿದುಕೊಟ್ಟೆ.

ಪ್ರದರ್ಶನದ ದಿನ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಅಪ್ಪ ಹೂಗುಚ್ಛ ಹಿಡಿದು, ಈ ಬೆಕ್ಕನ್ನು ತಾನು ಹೇಗೆ ಹುಟ್ಟಿಸಿದೆ ಎಂದು ಬುರುಡೆ ಬಿಡುತ್ತಲೇ ಇದ್ದ. ಪರದೆ ಬೆಳಗಿತು. ಗೋಡೆಯಷ್ಟಗಲ ಚಿತ್ರ, ಬೆಕ್ಕಿನ ಕಾಲ ಕೆಳಗೆ, ಅಂಚಿನಲ್ಲಿ, ಒಂದು ಸಾಲು. ಮುಂದೆ ಕೂತಿದ್ದ ಮೇಷ್ಟ್ರು ಅದನ್ನು ಜೋರಾಗಿ ಓದಿಯೇಬಿಟ್ಟರು: "ಈ ಆಟ ಬರೆದವಳು ಪುಟ್ಟಿ. ಭಾವ ಕದ್ದ."

ಪುಟ್ಟಿ ಅಂದರೆ ಚಿಕ್ಕಮ್ಮ. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಹಾಗೇ.

ಅಪ್ಪನ ಮುಖ ಕಪ್ಪಿಟ್ಟಿತು. ಅಮ್ಮ ಅವನ ಪಕ್ಕದಿಂದೆದ್ದು, ಹೋಗಿ ತಂಗಿಯ ಪಕ್ಕದ ಕುರ್ಚಿಯಲ್ಲಿ ಕೂತಳು.

"ಆರಿಸು ಅದನ್ನ," ಎಂದು ಅಪ್ಪ ಹಲ್ಲು ಕಚ್ಚಿ ನನಗೆ ಹೇಳಿದ. ರಿಮೋಟು ನನ್ನ ಕೈಯಲ್ಲಿತ್ತು. ನಾನು ಬೆಳಕನ್ನು ಇನ್ನಷ್ಟು ಹೆಚ್ಚಿಸಿದೆ.

ಚಿಕ್ಕಮ್ಮ ಕೂತಲ್ಲಿಂದಲೇ, ಮೆಲ್ಲಗೆ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇರ್ಲಿ ಬಿಡಿ ಭಾವ. ಒಂದೇ ಮನೇಲಿ ನಿಮ್ದು ನಂದು ಅಂತ ಏನಿದೆ?"