ಅಟ್ಟದ ಸದ್ದಿಗೆ ಹೆದರದ ಅತ್ತೆ

ಕಳೆದ ಶುಕ್ರವಾರ ತಿಪಟೂರಿನ ಚಿತ್ರಮಂದಿರವೊಂದರಲ್ಲಿ ಹೊಸ ದೆವ್ವದ ಸಿನಿಮಾ ತೆರೆಕಂಡಿತು. ಸಂಜೆಯ ಆಟಕ್ಕೆ ನಾನೂ ಹೊನ್ನವಳ್ಳಿಯ ನನ್ನ ಸೋದರತ್ತೆ ರತ್ನಮ್ಮನೂ ಹೋಗಿದ್ದೆವು. ದೀಪ ಆರುತ್ತಿದ್ದಂತೆ ಅತ್ತೆ ಪೊಟ್ಟಣ ಬಿಚ್ಚಿದರು. ಕೊಬ್ಬರಿ, ಬೆಲ್ಲದ ವಾಸನೆ ಎದ್ದಿತು. ಆ ಸಿನಿಮಾದಲ್ಲಿ ಅತ್ತೆಯದೊಂದು ಕಿರುಚಾಟ ಇರಬೇಕಿತ್ತು. ಉಳಿಸಿದ್ದಾರೋ ಕತ್ತರಿಸಿ ಹಾಕಿದ್ದಾರೋ ಇಬ್ಬರಿಗೂ ತಿಳಿದಿರಲಿಲ್ಲ.

"ಇಲ್ದೇ ಹೋದ್ರೆ?" ಎಂದೆ.

"ಹೊನ್ನವಳ್ಳೀಲಿ ತಲೆ ಎತ್ಕಂಡು ಓಡಾಡೋ ಹಂಗಿಲ್ಲ ಕಣ್ಲಾ. ಬಸ್ ಸ್ಟ್ಯಾಂಡಿನ ತಂಕ ಹೇಳ್ಬುಟ್ಟಿವ್ನಿ."

ನಿಮಗೆ ಅತ್ತೆಯ ಪರಿಚಯ ಇಲ್ಲವಲ್ಲ, ಹೇಳುತ್ತೇನೆ. ಅವರು ದೆವ್ವದ ಸಿನಿಮಾಗಳ ಕಟ್ಟಾ ಅಭಿಮಾನಿ. ಯಾವ ಭಾಷೆಯದಾದರೂ ಸರಿ, ಮೊಬೈಲಿನಲ್ಲಿ ನೋಡಿ ಮುಗಿಸುತ್ತಾರೆ, ಮುಗಿದ ಕೂಡಲೇ ನನಗೆ ಫೋನ್ ಮಾಡುತ್ತಾರೆ. ನಾನು ವರ್ಷಗಟ್ಟಲೆ ಪತ್ರಿಕೆಗೆ ಅಪಘಾತ, ಅಪರಾಧಗಳ ಸುದ್ದಿ ಬರೆದವನು. ಆದರೆ ತೆರೆಯ ಮೇಲೆ ಕತ್ತಲಾದರೆ ಕಣ್ಣು ಮುಚ್ಚಿಕೊಳ್ಳುತ್ತೇನೆ. ನೋಡದ್ದನ್ನು ವರದಿ ಮಾಡಬಾರದೆಂಬುದು ನಮ್ಮ ವೃತ್ತಿಯ ನಿಯಮ. ಆದ್ದರಿಂದ ಈಚಿನ ದೆವ್ವದ ಸಿನಿಮಾಗಳ ಬಗ್ಗೆ ಇಲ್ಲಿ ಬರುವ ಅಭಿಪ್ರಾಯಗಳೆಲ್ಲ ಅತ್ತೆಯವು.

ಅವರ ಮೊದಲ ತಕರಾರು ಬಾಗಿಲುಗಳ ಮೇಲೆ. "ಎಲ್ಲಾ ಸಿನಿಮಾದಾಗೂ ಬಾಗ್ಲು ಕಿರ್ ಅಂತದೆ. ಒಂದು ತೊಟ್ಟು ಕೊಬ್ರಿ ಎಣ್ಣೆ ಬುಟ್ಟಿದ್ರೆ ಕತೆ ಅಲ್ಲಿಗೇ ಮುಗ್ದೋಗದು." ಕರೆಂಟು ಹೋದಾಗ ನಾಯಕಿ ಮೇಣದಬತ್ತಿ ಹಿಡಿದು ನೆಲಮಾಳಿಗೆಗೆ ಇಳಿಯುವುದೂ ಅವರಿಗೆ ಸರಿಕಾಣದು. "ಮೊದ್ಲು ಪಕ್ಕದ್ಮನೇಲಿ ಕರೆಂಟ್ ಐತಾ ಅಂತ ನೋಡ್ಬೇಕು ತಾನೇ? ಅವ್ರಿಗೂ ಇಲ್ಲ ಅಂದ್ಮೇಲೆ ಇನ್ಯಾಕೆ ಭಯ?" ಈಗಿನ ದೆವ್ವಗಳಿಗೆಲ್ಲ ಒಂದು ಮನಕಲಕುವ ಹಿನ್ನೆಲೆ ಇರುತ್ತದಂತೆ, ಹೆದರಿಸುವುದು ಬಿಟ್ಟು ಅಳುತ್ತ ಕೂರುತ್ತವಂತೆ. ನಗಿಸುವ ದೆವ್ವಗಳೂ ಬಂದಿವೆ. "ನಗಕ್ಕೆ ನಿಮ್ಮಾವ ಅವ್ರಲ್ಲ, ದೆವ್ವ ಯಾಕೆ ಬೇಕು?" ಆಗ ಫೋನಿನಾಚೆ ಮಾವ ಕೆಮ್ಮಿದ್ದು ಕೇಳಿಸುತ್ತದೆ.

ಆದರೆ ಅವರ ನಿಜವಾದ ಸಿಟ್ಟು ಅಟ್ಟದ ದೃಶ್ಯಗಳ ಮೇಲೆ. ಮೇಲೆ ಏನೋ ಉರುಳುತ್ತದೆ, ಕೆಳಗೆ ಸಂಸಾರವೆಲ್ಲ ನಡುಗುತ್ತದೆ. ನಮ್ಮ ಸೀಮೆಯಲ್ಲಿ ಇದು ನಡೆಯದು. ಇಲ್ಲಿ ಮನೆಯ ಅಟ್ಟದಲ್ಲಿ ತೆಂಗಿನಕಾಯಿಗಳು ವರ್ಷದ ಹತ್ತಿರ ಮಲಗಿರುತ್ತವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕುಲುಕಿದರೆ ಗುಡುಗುಡು ಎನ್ನುವಾಗ ಕೊಬ್ಬರಿ ಆಯಿತೆಂದು ಅರ್ಥ. ಆ ಸದ್ದಿನ ಕೆಳಗೇ ಮಗು ಹುಟ್ಟುತ್ತದೆ, ಬೀಗರು ಉಣ್ಣುತ್ತಾರೆ, ಅತ್ತೆ ದೆವ್ವದ ಸಿನಿಮಾ ನೋಡುತ್ತಾರೆ.

ಹೋದ ವರ್ಷ ಇಂಥ ಮನೆಯನ್ನೇ ಹುಡುಕಿಕೊಂಡು ಬೆಂಗಳೂರಿನಿಂದ ಒಂದು ಸಿನಿಮಾ ತಂಡ ಬಂತು. ಆ ದಿನ ನಾನೂ ಅಲ್ಲಿದ್ದೆ. ಬಾಡಿಗೆ ಬೇಡ ಎಂದರು ಅತ್ತೆ. ಕೇಳಿದ್ದು ಒಂದೇ: ತಾವು ಒಮ್ಮೆ ಕಿರುಚಬೇಕು, ಅದು ಸಿನಿಮಾದಲ್ಲಿ ಬರಬೇಕು. ನಿರ್ದೇಶಕ ಒಪ್ಪಿದ. ಕಿಟಕಿಗಳಿಗೆ ಕರಿಬಟ್ಟೆ ಕಟ್ಟಿ ಮಧ್ಯಾಹ್ನವನ್ನು ರಾತ್ರಿ ಮಾಡಿದರು. ಸಹಾಯಕನೊಬ್ಬ ಅಟ್ಟ ಹತ್ತಿ ಕಾಯಿ ಉರುಳಿಸಿದ. ಅತ್ತೆ ಕಿವಿಗೊಟ್ಟು ಕೇಳಿ, ಕ್ಯಾಮೆರಾ ನೋಡಿ ಹೇಳಿದರು:

"ಆಗೈತೆ ಕಣಪ್ಪ. ಈ ವಾರ ಸುಲಿಸ್ಬೋದು."

"ಅಮ್ಮಾ, ಮೇಲೆ ದೆವ್ವ ಇದೆ!" ಎಂದ ನಿರ್ದೇಶಕ.

"ಇರ್ಲಿ ಬುಡು. ಕಾಯಿ ಮೇಲೆ ಕೂತ್ಕಬ್ಯಾಡ ಅನ್ನು."

ನಿರ್ದೇಶಕ ನೆರೆಮನೆಯ ಹೆಂಗಸರನ್ನು ಕರೆಸಿ, ಸದ್ದಾದ ಕೂಡಲೇ ಎಲ್ಲರೂ ಓಡಬೇಕು ಎಂದ. ಸದ್ದಾಯಿತು. ಎಲ್ಲರೂ ಓಡಿದರು, ಏಣಿಯ ಕಡೆಗೆ. ಒಬ್ಬಾಕೆ ಕೋಲನ್ನೂ ಹಿಡಿದಿದ್ದಳು.

"ಈಚೆಗೆ ಓಡ್ರೀ, ಈಚೆಗೆ!"

"ಅಟ್ಟದಾಗೆ ಸದ್ದಾದ್ರೆ ಈಚೆಗೆ ಯಾರಪ್ಪ ಓಡ್ತಾರೆ? ಕೋತಿ ನುಗ್ಗಿರ್ತದೆ," ಎಂದಳು ಕೋಲಿನವಳು.

ಬಿಸಿಲು ಇಳಿಯುತ್ತಿತ್ತು. ಇನ್ನೊಂದು ಸಲ ನೋಡುತ್ತೇನೆ, ಆಗದಿದ್ದರೆ ಈ ಪಾತ್ರ ನಮ್ಮ ನಟಿಯೇ ಮಾಡಲಿ ಎಂದ ನಿರ್ದೇಶಕ. ಜಗಲಿಯಲ್ಲಿ ಆ ನಟಿಗೆ ಅತ್ತೆಯದೇ ಸೀರೆ ಉಡಿಸತೊಡಗಿದರು. ಅತ್ತೆ ಒಳಗೆ ಹೋಗಿ ನಾಲ್ಕು ಸಲ ಕಿರುಚಿ ನೋಡಿದರು. ನಾಲ್ಕೂ ಸಲ ಯಾರನ್ನೋ ಊಟಕ್ಕೆ ಕರೆದಂತೆ ಕೇಳಿಸಿತು.

ಅಷ್ಟರಲ್ಲಿ ಹೊರಗಿನವರು ಸುಳ್ಳುಮಳೆಗೆಂದು ಟ್ಯಾಂಕರಿನ ಪೈಪು ಹಿಡಿದು ಹೆಂಚಿಗೆ ನೀರು ಹಾಯಿಸಿದರು. ಕೊನೆಯ ಸಲಕ್ಕೆ ಅತ್ತೆ ನಡುಮನೆಯಲ್ಲಿ ನಿಂತರು, ಕ್ಯಾಮೆರಾ ಓಡುತ್ತಿತ್ತು. ಅಟ್ಟದ ಸಂದಿಯಿಂದ ಒಂದು ಹನಿ ಅವರ ಹಣೆಯ ಮೇಲೆ ಬಿತ್ತು. ಅತ್ತೆ ಮುಟ್ಟಿ ನೋಡಿಕೊಂಡರು. ಇನ್ನೊಂದು ಬಿತ್ತು.

ಮುಂದಿನ ಕೂಗನ್ನು ವರದಿಯ ಭಾಷೆಯಲ್ಲೇ ಹೇಳುತ್ತೇನೆ. ಎದುರುಮನೆಯ ಎಮ್ಮೆ ಹಗ್ಗ ಕಿತ್ತುಕೊಂಡು ಹೋಯಿತು. ಧ್ವನಿ ಮುದ್ರಿಸುವವನು ಕಿವಿಯ ಹೆಡ್‌ಫೋನ್ ಕಿತ್ತೆಸೆದ. ನಟಿ ಅರ್ಧ ಉಟ್ಟ ಸೀರೆಯಲ್ಲೇ ಬೀದಿಗೆ ಬಂದಳು. ನಿರ್ದೇಶಕ ಕಟ್ ಎನ್ನುವುದನ್ನು ಮರೆತ. ಕೂಗಿನ ಕೊನೆಯಲ್ಲಿ ಎರಡು ಮಾತೂ ಇದ್ದವು: "ಅಯ್ಯೋ, ಕೊಬ್ರೀ!"

ಅತ್ತೆ ಏಣಿ ಹತ್ತಿ ಹೋಗಿ ಒಡೆದ ಹೆಂಚಿನ ಕೆಳಗೆ ಸೆರಗೊಡ್ಡಿ ನಿಂತರು. ಟಾರ್ಪಾಲು ಬರುವವರೆಗೆ ಕೆಳಗಿಳಿಯಲಿಲ್ಲ. ನೀರು ತಾಗಿದ ಕೊಬ್ಬರಿ ಬೂಷ್ಟು ಹಿಡಿದು ಕೆಡುತ್ತದೆ. ನೆಂದ ಕಾಯಿಗಳನ್ನು ಇಡೀ ತಂಡ ಸಾಲಾಗಿ ನಿಂತು ಕೆಳಗಿಳಿಸಿತು. ಹೊರಡುವಾಗ ನಿರ್ದೇಶಕ, "ಅಂಥ ಕಿರುಚಾಟ ನಾನು ಕೇಳಿಲ್ಲಮ್ಮ. ಆದ್ರೆ ಕೊನೇಲಿ ಕೊಬ್ರಿ ಅಂದ್ಬಿಟ್ರಲ್ಲ, ಜನ ನಗ್ತಾರೆ. ಎಡಿಟಿಂಗಲ್ಲಿ ನೋಡ್ತೀನಿ," ಎಂದ. ಅಂದಿನಿಂದ ಅತ್ತೆ ಕಾಯುತ್ತಲೇ ಇದ್ದರು.

ಶುಕ್ರವಾರ ತಿಪಟೂರಿನ ಜನ ಮೊದಲರ್ಧ ಗಂಟೆ ಕಡಲೆಕಾಯಿ ಬಿಡಿಸಿದರು. ದೆವ್ವ ಗೋಡೆ ಹತ್ತಿತು. ಹಿಂದಿನ ಸೀಟಿನವರು ಬೋರ್‌ವೆಲ್ ವಿಷಯ ಮಾತಾಡುತ್ತಿದ್ದರು. ಆಮೇಲೆ ಅತ್ತೆಯ ನಡುಮನೆ ಬಂತು. ಪಕ್ಕದಲ್ಲಿ ಅತ್ತೆ ಅಗಿಯುವುದನ್ನು ನಿಲ್ಲಿಸಿದರು. ಹನಿ ಬಿತ್ತು. ಇಡೀ ಚಿತ್ರಮಂದಿರ ಸ್ತಬ್ಧವಾಯಿತು. ಇದನ್ನು ನಾನು ಕಣ್ಣು ಬಿಟ್ಟುಕೊಂಡೇ ನೋಡಿದೆ. ಎರಡನೇ ಹನಿಗೆ ಬಾಲ್ಕನಿಯಿಂದ ಒಬ್ಬ ಗಂಡಸು, "ಹೆಂಚು ಒಡ್ದೈತೆ ಕಣ್ರಲಾ!" ಎಂದು ಚೀರಿದ. ಆಮೇಲೆ ಅತ್ತೆಯ ಕೂಗು ಬಂತು, ಪೂರ್ತಿ, ಕೊನೆಯ ಎರಡು ಮಾತೂ ಸೇರಿ. ಒಬ್ಬರೂ ನಗಲಿಲ್ಲ.

"ಹೆದರುದ್ರು ಕಣ್ಲಾ," ಎಂದರು ಅತ್ತೆ, ಮೆಲ್ಲಗೆ.

ಹೊರಗೆ ಸಣ್ಣ ಮಳೆ ಹಿಡಿದಿತ್ತು. ಮುಂದಿನ ಸಾಲಿನಿಂದ ಮೂವರು ತಮ್ಮ ಅಟ್ಟದ ಮಾತಾಡುತ್ತ ಎದ್ದು ಹೋದರು, ಹಿಂದಿನಿಂದ ಒಂದು ಸಂಸಾರ. ಮಧ್ಯಂತರದ ನಂತರವೂ ಅವರು ಬರಲಿಲ್ಲ. ನಿನ್ನೆ ವಿಚಾರಿಸಿದಾಗ ಟಿಕೆಟ್ ಕೊಡುವವರು ತಿಳಿಸಿದ್ದು: ಸಿನಿಮಾ ಇನ್ನೂ ಓಡುತ್ತಿದೆ, ಮಳೆ ಬಂದ ಸಂಜೆ ಮಾತ್ರ ಆ ದೃಶ್ಯವಾದ ಮೇಲೆ ಅರ್ಧ ಸೀಟುಗಳು ಖಾಲಿ ಇರುತ್ತವೆ.