ಗೋಡೆಗೂ ಮೂಟೆಗೂ ನಡುವೆ

ಎದೆ ಗೋಡೆಗೆ ಒತ್ತಿತ್ತು, ಬೆನ್ನಿಗೆ ಕಾಫಿ ಮೂಟೆ. ಉಸಿರು ಅರ್ಧ ಮಾತ್ರ ಒಳಗೆ ಹೋಗುತ್ತಿತ್ತು. ಕೂಗಿದರೆ ದನಿ ಬಾಗಿಲಿನಾಚೆ ಹೋಗುತ್ತಿರಲಿಲ್ಲ.

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಕ್ಕವನು. ನೀವೂ ನಕ್ಕರೆ ಬೇಜಾರಿಲ್ಲ. ಆದದ್ದನ್ನು ಹೇಳುತ್ತೇನೆ.

ಕುಟ್ಟದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೋಡಿಂಗ್ ಕೆಲಸಕ್ಕಿದ್ದೆ. ಬ್ರಿಟಿಷ್ ದೊರೆಗಳ ಕಾಲದ ಬಂಗಲೆಯ ಹಾಲನ್ನೇ ಅಲ್ಲಿ ಗೋಡೌನ್ ಮಾಡಿದ್ದರು. ಗೋಡೆಯ ತೇವ ಕಾಫಿಗೆ ತಾಗಬಾರದೆಂದು ಒಬ್ಬ ಮನುಷ್ಯ ನಿಲ್ಲುವಷ್ಟು ಸಂದಿ ಬಿಟ್ಟು ಮೂಟೆ ಪೇರಿಸುತ್ತೇವೆ. ಸಂದಿಗೆ ಯಾರಾದರೂ ಇಳಿದರೆ ಮೇಲೊಬ್ಬ ನಿಲ್ಲಬೇಕು, ಅದು ನಮ್ಮ ರೂಢಿ.

ಆ ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಎಲ್ಲರೂ ಜೀಪಿಗೆ ಓಡಿದರು. ನನ್ನ ಫೋನ್ ಸಂದಿಗೆ ಬಿದ್ದಿತ್ತು. ಜೀಪು ಹೋಗಿಬಿಡುತ್ತದೆ ಅಂತ ಯಾರನ್ನೂ ಕರೆಯದೆ ಇಳಿದೆ. ಮೂಟೆಗಳ ಅಟ್ಟಿ ಜಾರಿ ನನ್ನನ್ನು ಗೋಡೆಗೆ ಹಿಂಡಿತು. ಹೊರಗೆ ಬೀಗ ಹಾಕಿದ ಸದ್ದು ಕೇಳಿತು. ಇನ್ನು ಬಾಗಿಲು ತೆಗೆಯುವುದು ಸೋಮವಾರ. ಅಲ್ಲಿಯವರೆಗೆ ಈ ಉಸಿರು ಸಾಲದು.

ಮುಖದ ಮುಂದೆ ಒಂದು ಹಳೇ ಚಿತ್ರ, ಗೋಡೆಗೇ ಮೊಳೆ ಹೊಡೆದದ್ದು, ಬಾಗಿಲಿನಷ್ಟು ದೊಡ್ಡದು. ದೊರೆಗಳ ಊರಿನದ್ದಿರಬೇಕು. ಹಿಮದ ಬೆಟ್ಟ, ಕಪ್ಪು ಮೋಡ, ನಡುವೆ ಹಳ್ಳಿಯ ಸಣ್ಣ ಚರ್ಚ್. ಕತ್ತು ತಿರುಗುತ್ತಿರಲಿಲ್ಲ, ಅದನ್ನೇ ನೋಡಿದೆ. ಆ ಚರ್ಚನ್ನೂ ಬೆಟ್ಟಗಳು ನನ್ನ ಹಾಗೆಯೇ ಹಿಂಡುತ್ತಿದ್ದವು.

ಬಲಗೈಯ ಮಣಿಕಟ್ಟು ಮಾತ್ರ ಆಡುತ್ತಿತ್ತು. ಅದಕ್ಕೆ ಸಿಕ್ಕಿದ್ದು ಚಿತ್ರದ ಚರ್ಚಿನ ಗೋಪುರ. ಬಡಿದೆ. ಮೂರು ಸಲ ಬಡಿದರೆ ಸುಸ್ತು. ನಿಂತು ಮತ್ತೆ ಮೂರು. ಬಟ್ಟೆಯ ಮೇಲಿನ ಚಿತ್ರ, ದಬ್ ದಬ್ ಅನ್ನುವುದು ಬಿಟ್ಟರೆ ಏನಿಲ್ಲ.

ಎಷ್ಟು ಹೊತ್ತೋ ಗೊತ್ತಿಲ್ಲ. ಬೀಗ ತೆಗೆದ ಸದ್ದಾಯಿತು. ವಾಚ್‌ಮನ್ ಮೊಯ್ದು ಕಾಕ, ಮಲಯಾಳಿ.

"ಯಾರದು ಒಳಗೆ? ಗಂಟೆ ಹೊಡಿಯೋದು ನಿಲ್ಸು."

"ಕಾಕ, ಇಲ್ಲಿ. ಸಂದೀಲಿ."

"ಪಡ್ಚೋನೇ, ದೇವ್ರೇ, ನೀ ಜೀಪಲ್ಲಿ ಹೋಗ್ಲಿಲ್ವಾ ಮೋನೇ?"

"ಹೋಗಿದ್ರೆ ಇಲ್ಲಿ ಇರ್ತಿದ್ನಾ? ಮೊದ್ಲು ಮೂಟೆ ಎಳೀರಿ."

ಕಾಕ ಕೂಲಿಯವರ ಲೈನ್ ಮನೆಗಳಿಂದ ಇಬ್ಬರನ್ನು ಕರೆತಂದು ನನ್ನನ್ನು ಬಿಡಿಸಿದರು. ನೀರು ಕುಡಿಸುತ್ತಾ ಕೇಳಿದರು:

"ಆ ಗಂಟೆ ಎಲ್ಲುಂಟು?"

"ಎಂಥ ಗಂಟೆ?"

"ಚರ್ಚ್ ಗಂಟೆ ಹಾಗೆ. ಗೇಟ್ ತನಕ ಕೇಳ್ತು. ಮೂರು ಹೊಡ್ದು ನಿಲ್ತದೆ, ಮತ್ತೆ ಮೂರು. ನಂಗೆ ವಯಸ್ಸಾಗಿದೆ, ಕಿವಿಗೆ ಆಗಿಲ್ಲ."

ಮೂರು ಸಲ ಬಡಿದು ನಿಲ್ಲುತ್ತಿದ್ದೆ ಅಂತ ನಾನು ಯಾರಿಗೂ ಹೇಳಿರಲಿಲ್ಲ. ಫೋನ್ ಹೊಡೆದುಕೊಂಡಿರಬೇಕು ಅಂತ ಲೈನಿನವನೊಬ್ಬ ಅಂದ. ಫೋನ್ ಬಿದ್ದಾಗಲೇ ಸತ್ತಿತ್ತು. ಗಂಟೆ ಕೇಳಿಸುವಷ್ಟು ಹತ್ತಿರ ಯಾವ ಚರ್ಚೂ ಇಲ್ಲ.

ಸೋಮವಾರ ಕಾಕನನ್ನು ಗೇಟಲ್ಲಿ ನಿಲ್ಲಿಸಿ, ಎಲ್ಲರ ಎದುರು ಆ ಗೋಪುರಕ್ಕೆ ಮತ್ತೆ ಬಡಿದೆ. ಮೂರು ಸಲ, ಕೈ ನೋಯುವಷ್ಟು. ದಬ್, ದಬ್, ದಬ್. ಕಾಕನಿಗೆ ಏನೂ ಕೇಳಲಿಲ್ಲ. ಅವತ್ತು ಕೇಳಿದ್ದು ಮಾತ್ರ ನಿಜ ಅಂತ ಇವತ್ತಿಗೂ ಹೇಳುತ್ತಾರೆ. ಕೇಳದೇ ಇದ್ದಿದ್ದರೆ ಅವರು ಬರುತ್ತಿರಲಿಲ್ಲ, ನಾನು ಇರುತ್ತಿರಲಿಲ್ಲ.

ಇಷ್ಟೇ. ಇದರ ಮೇಲೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.