ಕಾಶಿಯಿಂದ ಕಠ್ಮಂಡುವಿಗೆ ಟಿಕೆಟ್ ಎಷ್ಟು?

ನಮ್ಮ ಅತ್ತೆ ವಿಮಾನದಲ್ಲೇ ಹೋಗುತ್ತೇನೆಂದು ಹಟ ಹಿಡಿದದ್ದು ಷೋಕಿಗಲ್ಲ, ಮೊಣಕಾಲು ನೋವಿಗೆ. ಕಠ್ಮಂಡುವಿನ ಪಶುಪತಿನಾಥನನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹಳ ವರ್ಷಗಳ ಆಸೆ. ಮಾವನವರು ಬದುಕಿದ್ದಾಗ ಶಿಕಾರಿಪುರದ ತಮ್ಮ ದಲಾಲಿ ಅಂಗಡಿಯ ಸ್ನೇಹಿತರ ಜೊತೆ ಒಮ್ಮೆ ಹೋಗಿ ಬಂದಿದ್ದರಂತೆ. ನಾನೂ ಬರುತ್ತೇನೆ ಎಂದ ಹೆಂಡತಿಗೆ, "ಭಾರೀ ಘಟ್ಟದ ದಾರಿ, ಎರಡು ದಿನ ಬಸ್ಸಿನ್ಯಾಗ ಕುಂದರಬೇಕು, ನಿನ್ನ ಕೈಲಿ ಆಗಲ್ಲ" ಎಂದು ಹೇಳಿ ಹೋದವರು, ಬರುವಾಗ ಒಂದು ರುದ್ರಾಕ್ಷಿ ತಂದುಕೊಟ್ಟಿದ್ದರು. ಅತ್ತೆ ಅದನ್ನು ದೇವರ ಜಗಲಿಯ ಮೇಲೆ ಇಟ್ಟರು. ಕೊರಳಿಗೆ ಹಾಕಿಕೊಂಡದ್ದನ್ನು ನಾನು ನೋಡಿಲ್ಲ.

ಮಾವ ತೀರಿಕೊಂಡ ಮೂರನೆಯ ವರ್ಷ ಅತ್ತೆಯೇ ಮಾತು ತೆಗೆದರು. ಆಗ ನಾನು ಸೊರಬದ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತಿದ್ದೆ. ನಾನು, ನನ್ನ ಗಂಡ ಸೊರಬದಲ್ಲಿ. ಅತ್ತೆ ಶಿಕಾರಿಪುರದಲ್ಲಿ, ಅಂಗಡಿ ನೋಡಿಕೊಳ್ಳುತ್ತಿದ್ದ ಭಾವನವರ ಮನೆಯಲ್ಲಿ. "ದಸರಾ ರಜಕ್ಕ ನೀನೂ ಬಾರವ್ವ. ನೀ ಬಂದರೆ ನಾ ಹೋಗ್ತೀನಿ" ಎಂದರು. ನಾನು ಒಪ್ಪಿದೆ.

ಭಾವನವರಿಗೆ ಗೊತ್ತಿದ್ದ ಒಬ್ಬ ಯಾತ್ರೆಯ ಏಜೆಂಟ್ ಬಸ್ ನಿಲ್ದಾಣದ ಹತ್ತಿರ ಕಚೇರಿ ಇಟ್ಟಿದ್ದ. ಪ್ರತಿವರ್ಷ ಸುತ್ತಲಿನ ಹಳ್ಳಿಗಳ ಜನರನ್ನು ಕಾಶಿಗೆ ಕರೆದೊಯ್ಯುತ್ತಿದ್ದ. ನಾವು ಮೂವರೂ ಹೋದೆವು. ಅವನು ಚಹಾ ತರಿಸಿ, ಅತ್ತೆಗೆ ಕೈಮುಗಿದು, ವಿವರಿಸಿದ.

"ಅಮ್ಮಾರೆ, ಕಾಶಿತನಕ ರೈಲು. ಅಲ್ಲಿಂದ ಕಠ್ಮಂಡುಗೆ ಬಸ್ಸಾದ್ರೆ ಎರಡು ದಿನ, ವಿಮಾನ ಆದ್ರೆ ಒಂದು ತಾಸೂ ಹಿಡಿಯಲ್ಲ. ಆದ್ರೆ ಅದು ಬೇರೆ ದೇಶ ನೋಡ್ರಿ. ಇಂಟರ್‌ನ್ಯಾಷನಲ್ ಫ್ಲೈಟು. ಡಾಲರ್ ರೇಟು ಬೀಳ್ತೈತಿ."

ಅವನು ಹೇಳಿದ ಮೊತ್ತ ಕೇಳಿ ನಾನು ಚಹಾದ ಲೋಟ ಕೆಳಗಿಟ್ಟೆ. ರೈಲು, ಛತ್ರ, ಊಟ ಎಲ್ಲ ಸೇರಿದ್ದಕ್ಕಿಂತ ಆ ಒಂದು ತಾಸಿನ ವಿಮಾನವೇ ಹೆಚ್ಚು. ಅದರ ಮೇಲೆ ಪಾಸ್‌ಪೋರ್ಟ್ ಇಲ್ಲದವರಿಗೆ 'ಪರ್ಮಿಷನ್ ಖರ್ಚು' ಬೇರೆ. ಭಾವನವರು ತಲೆಯಾಡಿಸಿ ಅಮ್ಮನ ಹೆಸರಿಗೆ ಮುಂಗಡ ಕೊಟ್ಟುಬಿಟ್ಟರು. ನನ್ನದನ್ನು ನಾನು ಕೊಡಬೇಕಿತ್ತು. ವಾರ ಬಿಟ್ಟು ಕೊಡುತ್ತೇನೆಂದು ಹೇಳಿ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸು ಹಿಡಿದು ಸೊರಬಕ್ಕೆ ಬಂದೆ.

ಮರುದಿನ ಶಾಲೆಯಲ್ಲಿ ಗೋಡೆಯ ನಕ್ಷೆಯ ಮುಂದೆ ನಿಂತು ಸ್ಕೇಲ್ ಇಟ್ಟು ಅಳೆದೆ. ಕಾಶಿಯಿಂದ ಕಠ್ಮಂಡುವಿಗೆ ಎಷ್ಟು ದೂರವೋ, ಸೊರಬದಿಂದ ಬೆಂಗಳೂರಿಗೆ ಹೆಚ್ಚುಕಡಿಮೆ ಅಷ್ಟೇ. ನಡುವೆ ಒಂದು ಗಡಿಗೆರೆ ಇದೆ ಎಂದ ಮಾತ್ರಕ್ಕೆ ಇಷ್ಟು ಹಣವೇ? ಅನುಮಾನ ಬಂದಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಸ್ಟಾಫ್ ರೂಮಿನ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಹುಡುಕಿ, ಒಂದು ಜಾಹೀರಾತಿನಲ್ಲಿ ವಿಮಾನ ಕಂಪನಿಯ ಬೆಂಗಳೂರು ಕಚೇರಿಯ ನಂಬರು ಕಂಡುಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಎಸ್‌ಟಿಡಿ ಬೂತಿಗೆ ಹೋದೆ.

ಆರು ಸಲ ಎಂಗೇಜ್ ಬಂತು. ಏಳನೆಯ ಸಲ ಒಬ್ಬ ಹೆಂಗಸು ಎತ್ತಿದಳು. ಮೀಟರಿನ ಕೆಂಪು ಅಂಕಿಗಳು ಓಡುತ್ತಿರುವುದನ್ನು ನೋಡುತ್ತಾ, ತಪ್ಪುತಪ್ಪು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಕನ್ನಡದಲ್ಲೇ ಉತ್ತರಿಸಿದಳು.

"ಡಾಲರ್ ದರ ವಿದೇಶಿಯರಿಗೆ ಮೇಡಂ. ನಮ್ಮವರಿಗೆ ರೂಪಾಯಿ ದರ ಬೇರೆ ಇದೆ."

ಆಕೆ ಹೇಳಿದ ದರವನ್ನು ಎರಡು ಸಲ ಹೇಳಿಸಿಕೊಂಡೆ. ಏಜೆಂಟ್ ಹೇಳಿದ್ದರ ಅರ್ಧದಷ್ಟೂ ಇರಲಿಲ್ಲ.

"ಪಾಸ್‌ಪೋರ್ಟ್ ಇಲ್ಲದವರಿಗೆ ಪರ್ಮಿಷನ್ ಏನಾದ್ರೂ ಬೇಕಾ?"

"ಏನೂ ಬೇಡ. ಫೋಟೊ ಇರುವ ಮತದಾರರ ಗುರುತಿನ ಚೀಟಿ ಇದ್ರೆ ಸಾಕು."

ಬೂತಿನಿಂದ ಹೊರಗೆ ಬಂದಾಗ ನನ್ನ ಕಿವಿ ಕಾದುಹೋಗಿತ್ತು. ಹಣದ ಹೊಟ್ಟೆಯುರಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ನನ್ನನ್ನು ಕೆರಳಿಸಿದ್ದು 'ಡಾಲರ್' ಎಂದಾಗ ಏಜೆಂಟ್ ದನಿ ತಗ್ಗಿಸಿ, ಮುಂದೆ ಬಾಗಿ, ಏನೋ ಗುಟ್ಟು ಹೇಳಿದಂತೆ ಹೇಳಿದ್ದು. ಈ ಮುದುಕಿ ಕೇಳುವುದಿಲ್ಲ, ಈ ಟೀಚರಮ್ಮ ಕೇಳಿದರೂ ಯಾರನ್ನು ಕೇಳಿಯಾಳು ಎಂದು ನಮ್ಮ ಮುಖ ನೋಡಿಯೇ ಲೆಕ್ಕ ಹಾಕಿದ್ದ. ನಮ್ಮ ದೇಶದ ಚೀಟಿಯನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡ ನಾವು ಅವನ ಬಿಲ್ಲಿನಲ್ಲಿ ಮಾತ್ರ ವಿದೇಶಿಯರು!

ಭಾನುವಾರ ಶಿಕಾರಿಪುರಕ್ಕೆ ಹೋದೆ. ಭಾವನವರಿಗೆ ವಿಷಯ ಹೇಳಿದರೆ ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಬಿಡವ್ವ, ಅವ ನಮ್ಮೋನು. ನಾಕು ಕಾಸು ಅವನೂ ನೋಡ್ಕಬೇಕಲ್ಲ. ದಿನಾ ಬೆಳಗಾದ್ರೆ ಮುಖ ನೋಡೋ ಜನ ನಾವು. ಇದಕ್ಕೆಲ್ಲ ಜಗಳ ಆಡಕ್ಕಾಗತ್ತಾ?"

"ನಾಕು ಕಾಸಲ್ಲ ಭಾವ, ಒಂದಕ್ಕೆ ಎರಡು ಕೇಳ್ತಿದಾರೆ. ಅದೂ ಸುಳ್ಳು ಹೇಳಿ."

"ದುಡ್ಡು ನಂದು. ನಂಗೇ ಇಲ್ಲದ್ದು ನಿಂಗ್ಯಾಕ?"

ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರವನ್ನು ಕೆಳಗಿಟ್ಟು ಎದ್ದು ಬಂದರು. "ದುಡ್ಡು ನಿಂದಲ್ಲ, ನಿಮ್ಮಪ್ಪಂದು. ಅದರಾಗ ನಂದೂ ಐತಿ" ಎಂದವರೇ ಚಪ್ಪಲಿ ಮೆಟ್ಟಿದರು. "ನಡಿಯವ್ವ, ಕೇಳಿ ಬರನ."

ಏಜೆಂಟ್ ಮೊದಲು ನಕ್ಕ. ಆಮೇಲೆ ಆ ದರ ಹಳೆಯದು ಎಂದ. ಫೋನಿನಲ್ಲಿ ಮೊನ್ನೆ ತಾನೇ ಕೇಳಿದ್ದೇನೆ ಎಂದಾಗ ಅವನ ಮುಖ ಬಿಗಿಯಾಯಿತು.

"ಟೀಚರೇ, ನೀವು ಮಕ್ಕಳಿಗೆ ಪಾಠ ಹೇಳೋರು. ನಮ್ಮ ಲೈನಿನ ಕಷ್ಟ ನಿಮಗ ತಿಳಿಯಲ್ಲ. ಗ್ರೂಪ್ ಬುಕಿಂಗ್ ಅಂದ್ರ ಬೇರೆ."

"ಗುಂಪಲ್ಲಿ ತಗೊಂಡ್ರೆ ಕಡಿಮೆ ಆಗಬೇಕಲ್ರೀ? ಹೆಚ್ಚು ಹೆಂಗಾಗತ್ತೆ?"

ಬೇಕಾದರೆ ಬನ್ನಿ, ಬೇಡವಾದರೆ ಬಿಡಿ, ಮುಂಗಡ ಮಾತ್ರ ವಾಪಸಿಲ್ಲ ಎಂದ. ಅತ್ತೆ ಕುರ್ಚಿಯಿಂದ ಏಳಲಿಲ್ಲ. "ಮುಂಗಡ ರೈಲಿಗೆ, ಊಟಕ್ಕೆ ಮುರ್ಕೊ. ಕಾಶಿತನಕ ನಿನ್ನ ಜೊತಿ ಬರ್ತೀವಿ. ವಿಮಾನದ ಟಿಕೀಟು ನಾವೇ ತಗಂತೀವಿ. ಹಂಗಂತ ಚೀಟಿ ಬರ್ಕೊಡು" ಎಂದರು. ಎದುರಿನ ಬೆಂಚಿನಲ್ಲಿ ಬೇರೆ ಗಿರಾಕಿಗಳು ಕೂತು ಕೇಳುತ್ತಿದ್ದರಿಂದ ಅವನು ಬರೆದುಕೊಟ್ಟ.

ಅಷ್ಟಕ್ಕೆ ಮುಗಿಯಲಿಲ್ಲ. ಭಾವನವರು ನನ್ನ ಗಂಡನಿಗೆ ಫೋನು ಮಾಡಿ, ನಿನ್ನ ಹೆಂಡತಿ ಪೇಟೆಯಲ್ಲಿ ಮನೆ ಮರ್ಯಾದೆ ತೆಗೆದಳು ಎಂದರಂತೆ. ಮೋಸ ಮಾಡಿದವನ ಮರ್ಯಾದೆ ಹೋಗಲಿಲ್ಲ, ಕೇಳಿದವಳಿಂದ ಮನೆಯ ಮರ್ಯಾದೆ ಹೋಯಿತು! ನನ್ನ ಗಂಡ ಇಬ್ಬರ ಮಾತನ್ನೂ ಕೇಳಿಕೊಂಡು, "ಈಗ ಏನು ಮಾಡನ ಅಂತೀಯ?" ಎಂದರು. "ನಾನೂ ಅತ್ತೆ ಬೆಂಗಳೂರಿಗೆ ಹೋಗಿ ಟಿಕೆಟ್ ತಗಂಬರ್ತೀವಿ" ಎಂದೆ. ಅವರು ಬೇಡವೆನ್ನಲಿಲ್ಲ. ಬರುತ್ತೇನೆ ಎಂದೂ ಅನ್ನಲಿಲ್ಲ.

ಒಂದು ದಿನ ರಜೆ ಹಾಕಿ, ಬೆಳಗಿನ ಮೊದಲ ಬಸ್ಸಿಗೆ ಹೊರಟೆವು. ಬೆಂಗಳೂರಿನ ವಿಮಾನ ಕಂಪನಿಯ ಕಚೇರಿಗೆ ಕಾಲಿಡುವಾಗ ಮೂರು ಗಂಟೆ ದಾಟಿತ್ತು. ತಣ್ಣಗಿನ ಆ ಕೋಣೆಯಲ್ಲಿ ಅತ್ತೆ ಸೆರಗು ಹೊದ್ದು, ಗುರುತಿನ ಚೀಟಿಯನ್ನು ತಾವೇ ಮುಂದೆ ಚಾಚಿದರು. ಅದರಲ್ಲಿ ಅವರ ಫೋಟೊ ಯಾರದೋ ಫೋಟೊದಂತಿತ್ತು, ವಯಸ್ಸನ್ನು ಹತ್ತು ವರ್ಷ ಕಡಿಮೆ ಬರೆದಿದ್ದರು. ಕೌಂಟರಿನವನು ಒಮ್ಮೆ ಚೀಟಿ, ಒಮ್ಮೆ ಮುಖ ನೋಡಿ, ಟಿಕೆಟ್ ಬರೆದ. ಹೋಗಲು, ಬರಲು ಎರಡಕ್ಕೂ ಫೋನಿನಲ್ಲಿ ಹೇಳಿದ್ದ ದರವೇ. ಒಂದು ರೂಪಾಯಿ ಆಚೆಯಿಲ್ಲ, ಈಚೆಯಿಲ್ಲ. ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ಸಿಟ್ಟು ಬಂತು. ಇಷ್ಟು ಸಲೀಸಾದ ಕೆಲಸಕ್ಕೆ ಆ ಏಜೆಂಟ್ ಎಂಥ ಪರದೆ ಕಟ್ಟಿದ್ದ!

ಅಕ್ಟೋಬರಿನಲ್ಲಿ ಹೊರಟ ಯಾತ್ರೆಯಲ್ಲಿ ಅಂಜನಾಪುರದ ಗಂಡಹೆಂಡತಿ ನಮ್ಮ ರೈಲು ಡಬ್ಬಿಯಲ್ಲೇ ಇದ್ದರು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರು. ಆಕೆಗೂ ಅತ್ತೆಗೂ ಎಲೆಅಡಿಕೆಯ ಸ್ನೇಹವಾಯಿತು. ಅವರೂ ವಿಮಾನಕ್ಕೆ ಹಣ ಕಟ್ಟಿದ್ದರು, ಡಾಲರ್ ರೇಟು. ನಾನು ನಮ್ಮ ಟಿಕೆಟ್ ತೋರಿಸಿದೆ. ಆ ಗಂಡಸು ಬಹಳ ಹೊತ್ತು ಅದನ್ನು ತಿರುವಿ ನೋಡಿ ಹಿಂದಕ್ಕೆ ಕೊಟ್ಟ.

"ಕೇಳಬೌದು ಅಕ್ಕಾರೆ. ಆದ್ರ ಭಾಷೆ ಬರದಿರೋ ಊರು. ನಡುದಾರ್ಯಾಗ ಕೈಬಿಟ್ಟ ಅಂದ್ರ ಏನ್ ಮಾಡನ?"

ಈ ಮಾತು ನನ್ನ ಎದೆಗೆ ನಾಟಿತು. ಹಣ ಕೊಟ್ಟವನು ಹೆದರಬೇಕು, ತಿಂದವನು ಡಬ್ಬಿಯಿಂದ ಡಬ್ಬಿಗೆ ಎದೆಯೆತ್ತಿ ಓಡಾಡಬೇಕು.

ಕಾಶಿಯ ವಿಮಾನ ನಿಲ್ದಾಣದಲ್ಲಿ ಏಜೆಂಟ್ ತನ್ನ ಗುಂಪಿನ ಆರು ಜನರ ಟಿಕೆಟ್‌ಗಳನ್ನು ತಾನೇ ಕೌಂಟರಿಗೆ ಕೊಟ್ಟು, ಅವರಿಗೆ ಬರೀ ಬೋರ್ಡಿಂಗ್ ಪಾಸ್ ಹಂಚಿ, ಉಳಿದದ್ದನ್ನು ತನ್ನ ಚೀಲಕ್ಕೆ ಸೇರಿಸಿದ. ಟಿಕೆಟ್ ಮೇಲೆ ದರ ಅಚ್ಚಾಗಿರುತ್ತದಲ್ಲ. ಅತ್ತೆ ಇದನ್ನು ನನಗಿಂತ ಮೊದಲೇ ಗಮನಿಸಿದ್ದರು.

"ಅವರವರ ಟಿಕೀಟು ಅವರವರ ಕೈಗೆ ಕೊಡಪ."

"ಗ್ರೂಪ್ ಟಿಕೆಟ್ ಅಮ್ಮಾರೆ. ನನ್ನ ಹತ್ರಾನೇ ಇರಬೇಕು, ರೂಲ್ಸು."

ನಾನು ನೇರವಾಗಿ ಕೌಂಟರಿನ ಅಧಿಕಾರಿಯ ಬಳಿ ಹೋಗಿ, ನನಗೆ ಬರುವ ಮುರುಕು ಹಿಂದಿಯಲ್ಲಿ, ಪ್ರಯಾಣಿಕರ ಟಿಕೆಟ್ ಪ್ರಯಾಣಿಕರ ಬಳಿ ಇರಬಾರದೇ ಎಂದು ಕೇಳಿದೆ. ಅವನು ಆಶ್ಚರ್ಯದಿಂದ, ಅವರ ಬಳಿಯೇ ಇರಬೇಕು ಎಂದ. ಏಜೆಂಟನತ್ತ ಕೈ ಮಾಡಿ ಅದನ್ನೇ ಗಟ್ಟಿಯಾಗಿ ಹೇಳಿದ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಚೀಲ ತೆರೆಯದೆ ಬೇರೆ ದಾರಿ ಇರಲಿಲ್ಲ.

ಅತ್ತೆಗೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ದಲಾಲಿ ಮನೆಯ ಸೊಸೆಯಾಗಿ ನಲವತ್ತು ವರ್ಷ ಮೂಟೆಗಳ ಮೇಲಿನ ತೂಕ ಓದಿದವರು. ನಮ್ಮ ಟಿಕೆಟ್, ಅಂಜನಾಪುರದವರ ಟಿಕೆಟ್ ಎರಡನ್ನೂ ಪಕ್ಕಪಕ್ಕ ಹಿಡಿದು ಬೆರಳಿಟ್ಟರು.

"ನಮ್ದೂ ಇದೇ, ಇವ್ರದೂ ಇದೇ. ನೀ ಇವ್ರ ಹತ್ರ ಇಸ್ಕಂಡಿದ್ದು ಎಷ್ಟು? ಹೇಳು, ಎಲ್ರೂ ಕೇಳ್ಲಿ."

ಅವನು ಬೆವರು ಒರೆಸಿಕೊಂಡು, ಊರಿಗೆ ಹೋದ ಮೇಲೆ ಎಲ್ಲರಿಗೂ ಹಿಂದಿರುಗಿಸುತ್ತೇನೆ ಎಂದ. ಅಂಜನಾಪುರದ ಗಂಡಸು ಟಿಕೆಟನ್ನು ಮಡಚಿ ಒಳಜೇಬಿಗೆ ಇಟ್ಟುಕೊಂಡ. ಆಮೇಲೆ ಏಜೆಂಟನ ಹಿಂದೆ ನಡೆಯುವುದನ್ನು ಬಿಟ್ಟ.

ವಿಮಾನ ಮೇಲೇರಿತು. ನಾನು ಜಗಳದ ಮಾತುಗಳನ್ನೇ ಮನಸ್ಸಿನಲ್ಲಿ ತಿರುವುತ್ತಾ, ಇನ್ನೇನು ಹೇಳಬಹುದಿತ್ತು ಎಂದು ಯೋಚಿಸುತ್ತಿದ್ದೆ. ಒಂದು ಸಣ್ಣ ಡಬ್ಬಿಯಲ್ಲಿ ಬಿಸ್ಕತ್ತು, ಹಣ್ಣಿನ ರಸ ಬಂತು. ಅತ್ತೆ ಬಿಸ್ಕತ್ತು ಮುರಿದು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ದೂರದಲ್ಲಿ ಬಿಳಿಯ ಬೆಟ್ಟಗಳ ಸಾಲು ಕಂಡಿತು. ಅವರು ನೋಡಿ ಮುಗಿಸುವ ಮೊದಲೇ ಸೊಂಟದ ಪಟ್ಟಿ ಕಟ್ಟಿಕೊಳ್ಳಿ ಎಂಬ ಸೂಚನೆ ಬಂತು.

"ಯಾಕವ್ವ, ಏನಾತು?"

"ಕಠ್ಮಂಡು ಬಂತು ಅತ್ತೆ. ಇಳೀತಾ ಇದೆ."

"ಇಷ್ಟೇನಾ?"

ನಾನು ನಕ್ಕೆ. ಅವರು ನಗಲಿಲ್ಲ. ಅವರ ಮುಖ ಕೆಂಪಾಗಿತ್ತು. ಏಜೆಂಟನ ಮೇಲೆ ರೇಗಿದಾಗಲೂ ಅಷ್ಟು ಕೆಂಪಾಗಿರಲಿಲ್ಲ.

"ಇಷ್ಟಕ್ಕ ನಿನ್ನ ಕೈಲಿ ಆಗಲ್ಲ ಅಂದ್ರಲ್ಲವ್ವ ಅವ್ರು ನಂಗ. ಒಂದು ಬಿಸ್ಕೀಟು ತಿನ್ನೋಷ್ಟು ಹೊತ್ತು!"

"ಆಗ ವಿಮಾನ ಇತ್ತೋ ಇಲ್ವೋ ಅತ್ತೆ…"

"ಇತ್ತೋ ಇಲ್ವೋ. ಕೇಳಬೌದಿತ್ತಲ್ಲ? ಒಂದು ಮಾತು ಯಾರನ್ನಾರ ಕೇಳಬೌದಿತ್ತಲ್ಲ? ಕೇಳ್ಲೇ ಇಲ್ಲ."

ಮಾವನವರ ಬಗ್ಗೆ ಅವರು ಕಟುವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಪಶುಪತಿನಾಥನ ಗುಡಿಯಲ್ಲಿ ಅವರು ಅಳಬಹುದು ಅಂದುಕೊಂಡಿದ್ದೆ. ಅಳಲಿಲ್ಲ. ನೆಟ್ಟಗೆ ನಿಂತು, ನೂಕುನುಗ್ಗಲಿಗೂ ಜಗ್ಗದೆ, ತಮಗೆ ಸಾಕೆನ್ನಿಸುವಷ್ಟು ಹೊತ್ತು ನೋಡಿದರು. ಸಾಲು ಸರಿಸುವವನೊಬ್ಬ ಬಂದು ಏನೋ ಅಂದ. "ತಡಿಯಪ, ಇನ್ನೂ ನೋಡಿಲ್ಲ" ಎಂದು ಕನ್ನಡದಲ್ಲೇ ಗದರಿದರು. ಅವನು ಹೋದ.

ಊರಿಗೆ ಬಂದಮೇಲೆ ಏಜೆಂಟ್ ಮಾತು ಮರೆತ. ಅಂಜನಾಪುರದ ಗಂಡಹೆಂಡತಿ ಮೂರು ಸಲ ಅಲೆದು, ನಾಲ್ಕನೆಯ ಸಲ ಸಂತೆಯ ದಿನ ಬಂದು ಅವನ ಕಚೇರಿಯ ಬಾಗಿಲಲ್ಲೇ ಬುತ್ತಿ ಬಿಚ್ಚಿ ಕೂತರಂತೆ. ಮಧ್ಯಾಹ್ನದೊಳಗೆ ಹಣ ಬಂತು. ಉಳಿದ ನಾಲ್ವರು ಕೇಳಲೇ ಇಲ್ಲ. ಅವರಲ್ಲೊಬ್ಬ ಹಿರಿಯರು ನನಗೇ ಬುದ್ಧಿ ಹೇಳಿದರು, ದೇವರ ಕೆಲಸಕ್ಕೆ ಹೋಗಿ ಲೆಕ್ಕ ಕೇಳಬಾರದಂತೆ. ದೇವರ ಹೆಸರಲ್ಲಿ ಸುಳ್ಳು ದರ ಹೇಳಬಹುದೇನ್ರೀ ಎಂದು ಕೇಳಿದೆ. ಅವರು ವಿಭೂತಿ ಸರಿಮಾಡಿಕೊಂಡು ಎದ್ದುಹೋದರು. ಭಾವನವರು ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಮರುವರ್ಷ ತಮ್ಮ ಬೀಗರನ್ನು ಅದೇ ಏಜೆಂಟನ ಮೂಲಕವೇ ಕಳಿಸಿದರು. ಯಾವ ದರಕ್ಕೆ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟಿದೆ.

ಆದರೆ ಸುದ್ದಿ ಹೇಗೋ ಹರಡಿತ್ತು. ನಮ್ಮ ಯಾತ್ರೆಯ ಮುಂದಿನ ಬೇಸಗೆಯಲ್ಲಿ ಈಸೂರಿನ ಒಬ್ಬ ಹೆಂಗಸು ವಿಳಾಸ ಕೇಳಿಕೊಂಡು ಸೊರಬದ ನಮ್ಮ ಮನೆಗೆ ಬಂದಳು. ಅವಳೂ ಅವಳ ತಂಗಿಯೂ ಮದ್ರಾಸಿನಿಂದ ವಿಮಾನದಲ್ಲಿ ಲಂಕೆಗೆ ಹೋಗಿಬರುವ ಒಂದು ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ಬೇರೊಬ್ಬ ಏಜೆಂಟ್, ಬೇರೊಂದು ದರ. "ನೀವು ಫೋನ್ ಮಾಡಿ ಕೇಳ್ತೀರಂತಲ್ರೀ" ಎಂದಳು. ರೇಷನ್ ಅಂಗಡಿಯಲ್ಲಿ ಸಕ್ಕರೆಯ ದರವನ್ನು ಹಲಗೆಯ ಮೇಲೆ ಬರೆಯಬೇಕು. ಸಾವಿರಾರು ರೂಪಾಯಿಯ ಟಿಕೆಟ್ಟಿನ ದರ ಮಾತ್ರ ಹೀಗೆ ಬಸ್ಸು ಹತ್ತಿ, ಗುರುತಿಲ್ಲದವರ ಮನೆ ಹುಡುಕಿ ತಿಳಿದುಕೊಳ್ಳಬೇಕೇ ಎಂದು ನನಗೆ ಮತ್ತೆ ರೇಗಿತು. ಅವಳನ್ನು ಕರೆದುಕೊಂಡು ಬೂತಿಗೆ ಹೋದೆ. ವಿಮಾನ ಕಚೇರಿಯ ನಂಬರು ತಿರುಗಿಸಿ, ಆ ಕಡೆ ದನಿ ಬಂದ ಕೂಡಲೇ ರಿಸೀವರನ್ನು ಅವಳ ಕೈಗೆ ಕೊಟ್ಟೆ.

"ನಾನೇನ್ರೀ ಮಾತಾಡ್ಲಿ?" ಎಂದು ಹೆದರಿದಳು.

"ಎಷ್ಟು ಅಂತ ಕೇಳಿ. ಅಷ್ಟೇ."

ಅವಳು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು, ಬೂತಿನ ಹೊರಗೆ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.